ಯುದ್ಧದ ಖರ್ಚಿನ ಒಪ್ಪಂದ ಓದುವುದು ಹೇಗೆ?

ಸೆಮಿನಾರ್ ಪ್ರಬಂಧಗಳನ್ನು ತಿದ್ದುವಾಗ ಪ್ರತಿ ವರ್ಷವೂ ಇದೇ ಪಾಡು. ಎರಡನೇ ಮಹಾಯುದ್ಧದ ಖರ್ಚನ್ನೆಲ್ಲ ಭಾರತದ ತಲೆಗೇ ಕಟ್ಟಿದರು ಅಂತ ಒಬ್ಬರು, ಬ್ರಿಟನ್ ದುಡ್ಡು ಕೊಟ್ಟು ನಮ್ಮನ್ನು ಸಾಹುಕಾರರನ್ನಾಗಿ ಮಾಡಿತು ಅಂತ ಇನ್ನೊಬ್ಬರು. ಆ ಖರ್ಚಿನಲ್ಲಿ ಭಾರತದ ಪಾಲೆಷ್ಟು, ಬ್ರಿಟನ್ ಪಾಲೆಷ್ಟು ಅಂತ ಹಂಚಿದ 1939ರ ಒಪ್ಪಂದವನ್ನು ಇಬ್ಬರೂ ಓದಿರುವುದಿಲ್ಲ.

ಹಂತ 1: ದರ ಬರೆದುಕೊಳ್ಳಿ. ಆಗ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಅಂದರೆ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಮೊಬೈಲಿನ ಕನ್ವರ್ಟರ್ ಮುಟ್ಟಬೇಡಿ, ಅದು ಇವತ್ತಿನ ದರ ತೋರಿಸುತ್ತದೆ.

ಹಂತ 2: ಭಾರತ ಯಾವುದಕ್ಕೆ ಕೊಡಬೇಕಿತ್ತು ನೋಡಿ. 1939ರ ನವೆಂಬರ್ ಒಪ್ಪಂದದಲ್ಲಿ ನಾಲ್ಕು ಬಾಬತ್ತುಗಳಿವೆ. ಶಾಂತಿಕಾಲದ ಮಾಮೂಲಿ ಸೇನಾವೆಚ್ಚ 36.77 ಕೋಟಿ ರೂಪಾಯಿ. ಬೆಲೆ ಏರಿದ್ದಕ್ಕೆ ಅದರ ಮೇಲಿಷ್ಟು. ಭಾರತದ ಸ್ವಂತ ರಕ್ಷಣೆಗೆಂದೇ ಮಾಡಿದ ಯುದ್ಧಕಾಲದ ಖರ್ಚು. ಹೊರದೇಶದಲ್ಲಿದ್ದ ಪಡೆಗಳಿಗಾಗಿ ಇಡಿಗಂಟಾಗಿ 1 ಕೋಟಿ. ಮಿಕ್ಕಿದ್ದೆಲ್ಲ ಬ್ರಿಟನ್ ಪಾಲಿಗೆ.

ಹಂತ 3: ‘ಬ್ರಿಟನ್ ಕೊಟ್ಟಿತು’ ಅಂದರೆ ಏನು? ಎಲ್ಲರೂ ಜಾರುವುದು ಇಲ್ಲೇ. ಇಲ್ಲಿ ಆತುರ ಬೇಡ, ಪೆನ್ನು ಹಿಡಿದು ಬಿಡಿಸಿ.

ಈಜಿಪ್ಟಿನಲ್ಲಿದ್ದ ಪಡೆಗೆ ಬ್ರಿಟನ್ ಲೆಕ್ಕದಲ್ಲಿ 1,000 ರೂಪಾಯಿಯ ಕಂಬಳಿ ಬೇಕು ಅಂದುಕೊಳ್ಳಿ. ವ್ಯಾಪಾರಿಗೆ ಇಲ್ಲೇ ರೂಪಾಯಿ ಸಿಕ್ಕಿತು. ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಹೆಸರಿಗೆ 75 ಪೌಂಡ್ ಜಮಾ ಆಯಿತು. ಆ ಪೌಂಡಿನ ಆಧಾರದ ಮೇಲೆ ಬ್ಯಾಂಕು ಇಲ್ಲಿ ನೋಟು ಅಚ್ಚು ಹಾಕಿಸಿತು. ಈಗ ಕಂಬಳಿ ಈಜಿಪ್ಟಿನಲ್ಲಿ, ಪೌಂಡು ಲಂಡನ್ನಿನಲ್ಲಿ. ನಮ್ಮ ಪೇಟೆಯಲ್ಲಿ ಉಳಿದದ್ದು ಹೆಚ್ಚುವರಿ ನೋಟು ಮಾತ್ರ. ಸಾಮಾನು ಕಡಿಮೆ, ದುಡ್ಡು ಜಾಸ್ತಿ ಅಂದಮೇಲೆ ಬೆಲೆ ಏರದೆ ಇರುತ್ತಾ? ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯಲ್ಲಿದ್ದ ನೋಟು ಆರು ಪಟ್ಟಾಗಿತ್ತು. ಒಪ್ಪಂದದಲ್ಲಿ ಎಲ್ಲೂ ಬರೆಯದ ಐದನೇ ಬಾಬತ್ತನ್ನು ತೆತ್ತವನು ಸಂತೆಗೆ ಹೋದ ಬಡವ. ನಿಮ್ಮ ಪ್ರಬಂಧದಲ್ಲಿ ಈ ಸಾಲು ಇರಲೇಬೇಕು.

ಹೀಗೆ ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಜಮಾ ಆಗಿ ಉಳಿದ ಪೌಂಡೇ ‘ಸ್ಟರ್ಲಿಂಗ್ ಬಾಕಿ’. ಪರೀಕ್ಷಾ ಗೈಡುಗಳು ಅದರ ಮೇಲೆ ಎರಡು ಸಾಲು ಗೀಚಿ ಮುಗಿಸುತ್ತವೆ. ಅಂಥದ್ದಕ್ಕೆ ಕಾಸು ಹಾಕಬೇಡಿ.

ಹಂತ 4: ವ್ಯಾಪಾರದ ಕಡತವನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಬ್ರಿಟನ್ ಜೊತೆಗಿನ 1932ರ ಒಟ್ಟಾವಾ ವ್ಯಾಪಾರ ಒಪ್ಪಂದ, ಅದರ ಜಾಗಕ್ಕೆ ಬಂದ 1939ರ ವ್ಯಾಪಾರ ಒಪ್ಪಂದ, ಎರಡರಲ್ಲೂ ಬ್ರಿಟನ್ ಸರಕಿಗೆ ಸುಂಕದ ರಿಯಾಯಿತಿ ಇತ್ತು. ಯುದ್ಧಕಾಲದಲ್ಲಿ ನಾವು ದುಡಿದ ಡಾಲರು ಕೂಡ ಸಾಮ್ರಾಜ್ಯದ ದೇಶಗಳ ಡಾಲರನ್ನು ಒಟ್ಟುಗೂಡಿಸುತ್ತಿದ್ದ ಲಂಡನ್ನಿನ ಸಾಮೂಹಿಕ ಖಾತೆಗೆ ಹೋಯಿತು. ಕೈತುಂಬ ಪೌಂಡಿದ್ದರೂ ಅಮೆರಿಕದ ಯಂತ್ರ ಬೇಕಾದಷ್ಟು ಕೊಳ್ಳುವ ಹಾಗಿರಲಿಲ್ಲ.

ಹಂತ 5: ಬಾಕಿ ಎಣಿಸಿ. 1946ರ ಹೊತ್ತಿಗೆ ಸುಮಾರು 130 ಕೋಟಿ ಪೌಂಡ್. ಇಷ್ಟೂ ನಗದಾಗಿ ಬಂತು ಅಂತ ಬರೆದುಬಿಡಬೇಡಿ. 1947ರ ಆಗಸ್ಟಿನ ಮಾತುಕತೆಯಲ್ಲಿ ಆ ವರ್ಷದ ಉಳಿದ ತಿಂಗಳುಗಳಿಗೆ ಬಿಟ್ಟುಕೊಟ್ಟದ್ದು 6.5 ಕೋಟಿ ಪೌಂಡ್ ಅಷ್ಟೇ. 1948ರ ಜುಲೈ ಒಪ್ಪಂದದಲ್ಲಿ, ಬ್ರಿಟಿಷರು ಇಲ್ಲೇ ಬಿಟ್ಟುಹೋದ ಸೇನಾ ಸಾಮಗ್ರಿ, ಕಟ್ಟಡಗಳ ಬೆಲೆ ಅಂತ ಇದೇ ಬಾಕಿಯಿಂದ 10 ಕೋಟಿ ಪೌಂಡ್ ಮುರಿದುಕೊಂಡರು. ಅವರ ನಿವೃತ್ತ ಅಧಿಕಾರಿಗಳ ಪಿಂಚಣಿಗೂ ಇದರಲ್ಲೇ ಕಳೆಯಬೇಕು. ಆ ಸಾಲನ್ನು ಕೆಂಪು ಪೆನ್ನಲ್ಲಿ ಬರೆಯಿರಿ.