ಕರೆಂಟ್ ಹೋದಾಗ ಫ್ರಿಡ್ಜ್ ಕಾಯುವ ಮಂಜುಗಡ್ಡೆ

ಮುಂಗಾರು ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ಗಾಳಿಗೆ ಮರ ಉರುಳಿ ತಂತಿ ತುಂಡಾದರೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ತೋಟದ ಒಳಗಿನ ಮನೆಗಳಲ್ಲಂತೂ ಎರಡು ಮೂರು ದಿನ ಹಾಗೆಯೇ ಕಳೆಯುವುದುಂಟು. ಇನ್ವರ್ಟರ್ ದೀಪಕ್ಕೆ, ಮೊಬೈಲಿಗೆ ಸಾಕಾಗುತ್ತದೆ. ಫ್ರಿಡ್ಜಿನ ಭಾರ ಹೊರುವುದಿಲ್ಲ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು ಆಗ ಗಾಬರಿಯಿಂದ ಫೋನ್ ಮಾಡುತ್ತಾರೆ: "ದೊಡ್ಡಮ್ಮ, ಫ್ರೀಜರಿನಲ್ಲಿರುವ ಮೀನು ಕೆಡುತ್ತದೆಯೇ? ಹಾಲಿಗೆ ಏನು ಮಾಡಲಿ?" ಆ ಹೊತ್ತಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ತಯಾರಿ ಆಗಿರಬೇಕು.

ತಯಾರಿ ಎಂದರೆ ಬರೀ ನೀರು. ಫ್ರೀಜರಿನಲ್ಲಿ ಖಾಲಿ ಉಳಿದ ಜಾಗಕ್ಕೆಲ್ಲ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿಡಿ. ಅದು ಗಟ್ಟಿಯಾಗಿ ಕುಳಿತರೆ ನಿಮ್ಮ ಮನೆಯಲ್ಲಿ ತಂಪಿನ ಒಂದು ಗಂಟು ಇದೆ ಎಂದೇ ಲೆಕ್ಕ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಸುಮ್ಮನೆ ಕರಗಿ ಸೊನ್ನೆ ಡಿಗ್ರಿಯದೇ ನೀರಾಗಲು 80 ಕ್ಯಾಲೊರಿ ಬೇಕು. ಅಂದರೆ ಒಂದು ಕಿಲೋ ಐಸ್ ಕರಗುವಾಗ ನುಂಗುವ ಶಾಖ, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು. ಇಷ್ಟೆಲ್ಲ ನುಂಗಿಯೂ ಪೂರ್ತಿ ಕರಗಿ ಮುಗಿಯುವವರೆಗೆ ಅದರ ಉಷ್ಣತೆ ಸೊನ್ನೆಯಿಂದ ಮೇಲೇರುವುದಿಲ್ಲ. ಶಾಲೆಯಲ್ಲಿ ಗುಪ್ತೋಷ್ಣ ಎಂದು ಓದಿದ್ದು ಇದನ್ನೇ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಇದನ್ನು ಅಳೆದು ತೋರಿಸಿದರು. ಪರೀಕ್ಷೆ ಬರೆದು ಮರೆತುಬಿಡುವ ಪಾಠವಲ್ಲ ಇದು. ಅಡುಗೆಮನೆಗೆ ಇದರಷ್ಟು ಉಪಯೋಗಕ್ಕೆ ಬರುವ ಪಾಠ ಇನ್ನೊಂದಿಲ್ಲ.

ತುಂಬಿದ ಫ್ರೀಜರಿನ ಬಾಗಿಲನ್ನು ತೆರೆಯದೆ ಇದ್ದರೆ ಒಳಗಿನ ತಂಪು ಸುಮಾರು 48 ಗಂಟೆ ಉಳಿಯುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಕೆಳಗಿನ ಫ್ರಿಡ್ಜಿನದು ಸುಮಾರು ನಾಲ್ಕೇ ಗಂಟೆ. ಆದ್ದರಿಂದ ಕರೆಂಟ್ ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಒಮ್ಮೆ ಮಾತ್ರ ಬಾಗಿಲು ತೆರೆದು, ಮೇಲಿನ ಎರಡು ಬಾಟಲಿಗಳನ್ನು ಕೆಳಗೆ ಹಾಲು ಮೊಸರಿನ ಪಕ್ಕಕ್ಕೆ ಇಳಿಸಿ, ಮುಚ್ಚಿಬಿಡಿ. ಮಕ್ಕಳು ಇಣುಕಿ ನೋಡಲು ತೆರೆದಾಗಲೆಲ್ಲ ಒಂದಿಷ್ಟು ಐಸ್ ಕರಗಿತೆಂದೇ ತಿಳಿಯಿರಿ. ಮನೆಗೆ ಬೀಗ ಹಾಕಿ ಬೆಂಗಳೂರಿಗೋ ನೆಂಟರ ಮದುವೆಗೋ ಹೊರಡುವಾಗ ಒಂದು ಬಟ್ಟಲು ನೀರನ್ನು ಗಟ್ಟಿ ಮಾಡಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ತಳಕ್ಕೆ ಇಳಿದಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ. ಮೀನು ಮಾಂಸವನ್ನು ಗೊಬ್ಬರದ ಗುಂಡಿಗೆ ಹಾಕಿ. ದುಡ್ಡು ಹೋಯಿತೆಂದು ಸಂಕಟಪಡಬೇಡಿ, ಹೊಟ್ಟೆ ಕೆಟ್ಟರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಬಾಟಲಿ ತುಂಬುವಾಗ ಕುತ್ತಿಗೆಯವರೆಗೆ ತುಂಬಬೇಡಿ. ಬಹುತೇಕ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರು ಮಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಜೋಡಣೆಯಲ್ಲಿ ಒಂದಕ್ಕೊಂದು ಕೈಹಿಡಿದು ನಿಲ್ಲುವುದರಿಂದ ನಡುವೆ ಟೊಳ್ಳು ಉಳಿಯುತ್ತದೆ. ಲೀಟರ್ ಬಾಟಲಿಯಲ್ಲಿ ಎಂಟನೆಯ ಒಂದು ಭಾಗ ಖಾಲಿ ಬಿಟ್ಟರೆ ನಿಶ್ಚಿಂತೆ. ಗಾಜಿನ ಬಾಟಲಿಯನ್ನಂತೂ ಫ್ರೀಜರಿಗೆ ಸೇರಿಸಲೇಬೇಡಿ. ಸೋಡಾ ಬಾಟಲಿ ಬೇಗ ತಣ್ಣಗಾಗಲೆಂದು ಇಟ್ಟು ಮರೆತರೆ ಬೆಳಿಗ್ಗೆ ಚೂರು ಆರಿಸುವ ಕೆಲಸ.

ಹೀಗೆ ಹಿಗ್ಗಿ ಹಗುರಾದದ್ದರಿಂದಲೇ ಮಂಜುಗಡ್ಡೆ ತೇಲುತ್ತದೆ. ನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಶ್ರೀನಗರದ ದಾಲ್ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗಲೂ ಐಸ್ ಮೇಲೆ, ನೀರು ಕೆಳಗೆ. ಮೀನುಗಳು ಬದುಕುವುದು ಈ ಪುಣ್ಯದಿಂದ. ಮೇಲಿನ ಐಸ್ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲವಾದ್ದರಿಂದ ಕೆಳಗಿನ ನೀರು ಬೇಗ ಹೆಪ್ಪುಗಟ್ಟುವುದೂ ಇಲ್ಲ. ಸರೋವರಕ್ಕೆ ಒಳ್ಳೆಯದಾದ ಈ ಗುಣ ನಿಮ್ಮ ಹಳೆಯ ಫ್ರಿಡ್ಜಿಗೆ ಕೆಟ್ಟದ್ದು. ಫ್ರೀಜರಿನ ಗೋಡೆಗೆ ಅರ್ಧ ಸೆಂಟಿಮೀಟರ್ ಐಸ್ ಕಟ್ಟಿತೆಂದರೆ ತಂಪು ಒಳಗಿನ ಸಾಮಾನಿಗೆ ಸರಿಯಾಗಿ ತಲುಪದೆ ಯಂತ್ರ ಸುಮ್ಮನೆ ಓಡುತ್ತದೆ, ಬಿಲ್ಲು ಏರುತ್ತದೆ. ಸ್ವಿಚ್ ಆರಿಸಿ, ಬಾಗಿಲು ತೆರೆದು, ಒಳಗೊಂದು ಪಾತ್ರೆ ಬಿಸಿನೀರು ಇಡಿ. ತಾನಾಗಿ ಕಳಚಿ ಬೀಳುತ್ತದೆ. ಚಾಕು, ಸ್ಕ್ರೂಡ್ರೈವರ್ ಮುಟ್ಟಬೇಡಿ. ಹಿಂದಿರುವ ಗ್ಯಾಸಿನ ಕೊಳವೆ ತೂತಾದರೆ ರಿಪೇರಿಯ ಖರ್ಚು ಚಿಕ್ಕದಲ್ಲ.

ಮಂಗಳೂರು, ಮಲ್ಪೆಯಿಂದ ಘಾಟಿ ಹತ್ತಿ ಬರುವ ಸಮುದ್ರದ ಮೀನನ್ನು ಗಮನಿಸಿ ನೋಡಿ. ಮಾರುವವರು ಐಸನ್ನು ಕುಟ್ಟಿ ಪುಡಿ ಮಾಡಿ ಕೆಳಗೊಂದು ಪದರ, ಮೇಲೊಂದು ಪದರ ಹಾಕಿರುತ್ತಾರೆ. ದೊಡ್ಡ ಗಡ್ಡೆ ಮೀನಿಗೆ ತಾಗುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ, ಪುಡಿ ಮೈಗೆಲ್ಲ ತಾಗುತ್ತದೆ. ಮನೆಯಲ್ಲೂ ಹೀಗೇ ಮಾಡಿ; ಆದರೆ ಕರಗಿದ ನೀರು ಇಳಿದುಹೋಗುವಂತೆ ತೂತಿನ ಪಾತ್ರೆಯಲ್ಲಿಡಿ. ನೀರಿನಲ್ಲಿ ನೆನೆದ ಮೀನಿಗೆ ರುಚಿ ಇರುವುದಿಲ್ಲ.

ಇನ್ನು ಒಲೆಯ ಕಡೆಗೆ ಬನ್ನಿ. ಕರಗಲು 80 ಕ್ಯಾಲೊರಿ ಬೇಕಾದರೆ, ಕುದಿಯುವ ನೀರು ಆವಿಯಾಗಲು ಗ್ರಾಮಿಗೆ 540 ಬೇಕು. ಆ ಆವಿ ನಿಮ್ಮ ಕೈಗೆ ತಾಗಿ ಮತ್ತೆ ನೀರಾದ ಗಳಿಗೆಯಲ್ಲಿ ಅಷ್ಟನ್ನೂ ಚರ್ಮದ ಮೇಲೆ ಬಿಟ್ಟುಕೊಡುತ್ತದೆ. ಅದಕ್ಕೇ ಕುದಿನೀರಿಗಿಂತ ಹಬೆ ಕೆಟ್ಟದಾಗಿ ಸುಡುತ್ತದೆ. ಕಡುಬಿನ ಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆಯ ಅಂಚಿನಿಂದ ಎತ್ತಬೇಡಿ. ಆಚೆಯ ಅಂಚನ್ನು ಮೊದಲು ಎತ್ತಿ, ಹಬೆ ಅತ್ತ ಹೋಗಲಿ. ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿಗೆ ಕೈ ಹಿಡಿದು 20 ನಿಮಿಷ ಬಿಡಿ. ಐಸ್ ಇಡುವುದು ತಪ್ಪು: ಬೆಂದ ಚರ್ಮದಿಂದ ಅದು ಶಾಖವನ್ನು ಎಷ್ಟು ಜೋರಾಗಿ ಎಳೆಯುತ್ತದೆಂದರೆ ಗಾಯ ಇನ್ನೂ ಹೆಚ್ಚುತ್ತದೆ. ಟೂತ್‌ಪೇಸ್ಟ್ ಹಚ್ಚುವುದೂ ಬೇಡ.

ಬೇಳೆ ಬೇಯುವುದಿಲ್ಲವೆಂದು ಉರಿ ಏರಿಸುವವರಿಗೂ ಒಂದು ಮಾತು. ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು 93ಕ್ಕೆ. ಒಮ್ಮೆ ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿದರೂ ನೀರಿನ ಬಿಸಿ ಏರದು, ಗ್ಯಾಸ್ ಆವಿಯಾಗಿ ಹೋಗುತ್ತದೆ ಅಷ್ಟೆ. ಬೇಳೆಯನ್ನು ಕುಕ್ಕರಿಗೆ ಹಾಕಿ. ಕುಡಿಯುವ ನೀರು ಮಾತ್ರ ನಮ್ಮ ಎತ್ತರದಲ್ಲೂ ಒಂದು ನಿಮಿಷ ಚೆನ್ನಾಗಿ ಮರಳಿದರೆ ಸಾಕು.

ಕಾಫಿ ಕಣ ಇರುವವರು ಚಳಿಗಾಲದಲ್ಲಿ ಸಂಜೆ ಆಕಾಶ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೋಡವಿಲ್ಲದೆ, ಗಾಳಿಯಿಲ್ಲದೆ ನಕ್ಷತ್ರ ನಿಚ್ಚಳವಾಗಿ ಕಂಡ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಮೋಡ ಕವಿದ ರಾತ್ರಿ ಆ ಶಾಖದ ಒಂದು ಪಾಲನ್ನು ಮೋಡ ಹಿಂದಿರುಗಿಸುವುದರಿಂದ ಇಬ್ಬನಿ ಕಡಿಮೆ. ಹಗಲೆಲ್ಲ ಒಣಗಿಸಿದ ಕಾಫಿ, ಮೆಣಸು ಬಯಲಲ್ಲೇ ಉಳಿದರೆ ಒಂದೇ ರಾತ್ರಿಯಲ್ಲಿ ತೇವ ಹಿಡಿಯುತ್ತದೆ, ಬೂಷ್ಟು ಶುರುವಾಗುವುದು ಹೀಗೆಯೇ. ಬಿಸಿಲು ಇಳಿಯುವ ಮೊದಲೇ ರಾಶಿ ಮಾಡಿ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ. ಬೆಳಿಗ್ಗೆ ಅವಸರ ಮಾಡಬೇಡಿ. ಟಾರ್ಪಾಲಿನ ಮೇಲಿನ ನೀರನ್ನು ಹೊರಗೆ ಜಾರಿಸಿ, ಕಣದ ನೆಲ ಮುಟ್ಟಿ ನೋಡಿ, ಅದು ಪೂರ್ತಿ ಒಣಗಿದ ಮೇಲೆ ಹರವಿ.