ಕಿವಿಯ ಗುಂಯ್‌ಗೆ ವೇಪ್ ಕಾರಣವಾ? ನಾನೇ ಪರೀಕ್ಷೆ ಮಾಡಿ ನೋಡಿದ್ದು

ನನ್ನ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಅಂದರೆ ಟಿನಿಟಸ್. ವೇಪ್, ಅಂದರೆ ಇ-ಸಿಗರೇಟ್, ಎಳೆಯುವ ಅಭ್ಯಾಸವೂ ಇತ್ತು. "ವೇಪ್ ಬಿಡು, ಮರುದಿನವೇ ಸದ್ದು ನಿಲ್ಲುತ್ತೆ" ಅಂದವರಿದ್ದರು. "ಬರೀ ಆವಿಯಿಂದ ಕಿವಿಗೇನಾಗುತ್ತೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದವರೂ ಇದ್ದರು. ನನ್ನ ಕಿವಿಯ ಮಟ್ಟಿಗೆ ಎರಡೂ ಸರಿಯಾಗಲಿಲ್ಲ. ನಿಕೋಟಿನ್ ಬೇರೆ, ಆವಿ ಬೇರೆ, ನಿದ್ದೆ ಬೇರೆ ಮಾಡಿ ಒಂದೊಂದನ್ನೇ ನೋಡುತ್ತೇನೆ ಅಂದಾಗ ನಂಬಿದವರು ಯಾರೂ ಇಲ್ಲ. ನಾನು ತೋರಿಸಿದ ಡಾಕ್ಟರೂ "ಮನೆಯಲ್ಲಿ ಇದೆಲ್ಲ ತಿಳಿಯೋದಿಲ್ಲ ಬಿಡಿ" ಅಂದರು. ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಆದರೆ ತಿಳಿಯಿತು. 25 ಪ್ರಶ್ನೆಗಳ ಟಿನಿಟಸ್ ಪ್ರಶ್ನಾವಳಿ ಇದೆಯಲ್ಲ, 100ಕ್ಕೆ ಅಂಕ ಕೊಡುವಂಥದ್ದು, ಅದರಲ್ಲಿ ಐವತ್ತರ ಮೇಲಿದ್ದ ನಾನು ಇಪ್ಪತ್ತರ ಆಸುಪಾಸಿಗೆ ಇಳಿದಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಗಿಂಕೋ ಮರದ ಎಲೆಯ ಮಾತ್ರೆ, ಸತು, ಮೆಗ್ನೀಸಿಯಂ, ಯಾವುದೋ ಕಿವಿ ಹನಿ, ದುಬಾರಿ ಹೆಡ್‌ಫೋನ್ ಎಲ್ಲ ಸೇರಿ ಸುಮಾರು ಎರಡು ತಿಂಗಳ ಸಂಬಳ ಹೋಯಿತು. ಅಮೆರಿಕದ ಇಎನ್‌ಟಿ ಡಾಕ್ಟರುಗಳ ಅಕಾಡೆಮಿ 2014ರಲ್ಲೇ ಟಿನಿಟಸ್‌ಗೆ ಗಿಂಕೋ, ಸತು, ಮೆಲಟೋನಿನ್ ಬೇಡ ಎಂದು ಮಾರ್ಗಸೂಚಿ ಬರೆದಿದೆ. ಮಾರುವವರು ಇದನ್ನು ಹೇಳುವುದಿಲ್ಲ. ಇವುಗಳಲ್ಲಿ ಒಂದರಿಂದಲೂ ನನಗೆ ಒಂದು ಅಂಕವೂ ಇಳಿಯಲಿಲ್ಲ. ಉಪಯೋಗಕ್ಕೆ ಬಂದ ಖರ್ಚು ಹಿಯರಿಂಗ್ ಟೆಸ್ಟ್ ಒಂದೇ. 4,000 ಹರ್ಟ್ಸ್ ಹತ್ತಿರ ಸಣ್ಣ ತಗ್ಗು ಕಾಣಿಸಿತು. ಜೋರು ಸದ್ದಿಗೆ ಕಿವಿ ಕೊಟ್ಟವರಲ್ಲಿ ಕಾಣುವ ತಗ್ಗು ಅದು. ಅಂದರೆ ನನ್ನ ಗುಂಯ್‌ನ ಬುಡ ಬಹುಶಃ ವೇಪ್‌ಗಿಂತ ಹಳೆಯದು. ವೇಪ್ ಅದನ್ನು ಜಾಸ್ತಿ ಮಾಡುತ್ತಿದೆಯಾ ಅನ್ನುವುದು ಅಲ್ಲಿಂದ ಮುಂದೆ ನನ್ನ ಪ್ರಶ್ನೆಯಾಯಿತು.

ಒಂದೇ ಏಟಿಗೆ ಬಿಡುವ ದಾರಿ ಪೂರ್ತಿ ಕೈಕೊಟ್ಟಿತು. ಎರಡನೇ ಮೂರನೇ ದಿನಕ್ಕೆ ಸದ್ದು ಕಿರುಚಲು ಶುರು. ನಿದ್ದೆ ಇಲ್ಲ, ಸಿಟ್ಟು, ಹಲ್ಲು ಕಚ್ಚುವುದು. ವಾರದೊಳಗೆ ಮತ್ತೆ ಪಾಡ್ (ಪುಟ್ಟ ವೇಪ್) ಕೈಗೆ ಬಂತು. ಅದೇ ಸಂಜೆ ಕಿವಿ ತಣ್ಣಗಾಯಿತು! ಇಲ್ಲೇ ತುಂಬಾ ಜನ "ನಿಕೋಟಿನ್ ಕಿವಿಗೆ ಒಳ್ಳೆಯದು" ಅಂದುಕೊಂಡುಬಿಡುತ್ತಾರೆ. ಬಿಟ್ಟ ಮೇಲಿನ ಕಾಟ ತೀರಾ ಜೋರಾಗುವುದು ಎರಡು ಮೂರನೇ ದಿನ, ಇಳಿಯಲು ಮೂರು ನಾಲ್ಕು ವಾರ ಬೇಕು. ಆ ವಾರಗಳಲ್ಲಿ ಕಿವಿ ಹೇಳುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಕಾರಣದ ಬಗ್ಗೆ ಎರಡೇ ಮಾತು. ಒಳಕಿವಿಗೆ ರಕ್ತ ಒಯ್ಯುವುದು ಒಂದೇ ಸಣ್ಣ ರಕ್ತನಾಳ, ಬದಲಿ ದಾರಿ ಇಲ್ಲ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಸಿಗರೇಟ್ ಸೇದುವವರಲ್ಲಿ ಟಿನಿಟಸ್ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ವೇಪ್ ಬಗ್ಗೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಹಾಗಾಗಿ ನನ್ನ ಕಿವಿಯನ್ನೇ ಕೇಳಬೇಕಾಯಿತು.

ಅಳತೆ ಹೀಗೆ. ದಿನಕ್ಕೆ ಒಂದೇ ಸಲ, ಸಂಜೆ ಒಂದೇ ಹೊತ್ತಿಗೆ, ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಜೊತೆಗೆ ಫೋನಿನ ಟೋನ್ ಜನರೇಟರ್‌ನಲ್ಲಿ ಸುಮಾರು 6,000 ಹರ್ಟ್ಸ್‌ನ ಸ್ವರ ಇಟ್ಟು, ಕಿವಿಯ ಸದ್ದಿಗೆ ಸಮ ಬರುವವರೆಗೆ ಏರಿಸಿ ಬರೆದಿಡುವುದು. ದಿನವಿಡೀ ಕಿವಿಗೊಟ್ಟು ಕೂರಬೇಡಿ. 1953ರಲ್ಲಿ 80 ಜನ ಆರೋಗ್ಯವಂತರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದಾಗ ಹೆಚ್ಚುಕಮ್ಮಿ ಎಲ್ಲರಿಗೂ ಏನಾದರೊಂದು ಸದ್ದು ಕೇಳಿಸಿತ್ತು. ಹುಡುಕಿದರೆ ಯಾರಿಗಾದರೂ ಸಿಗುತ್ತದೆ.

ಆಮೇಲೆ ಇಳಿಸುವ ಕೆಲಸ. ಒಂದು ಮಿ.ಲೀ.ಗೆ 20 ಮಿ.ಗ್ರಾಂ. ನಿಕೋಟಿನ್ ಸಾಲ್ಟ್ (ಲವಣ ರೂಪದ ನಿಕೋಟಿನ್) ಇರುವ ಲಿಕ್ವಿಡ್‌ನಿಂದ 10ಕ್ಕೆ, 6ಕ್ಕೆ, 3ಕ್ಕೆ. ಒಂದೊಂದು ಮೆಟ್ಟಿಲಲ್ಲೂ ಕೆಲವು ವಾರ ನಿಂತೆ. ಮೊದಲ ವಾರದ ಅಂಕಗಳನ್ನೆಲ್ಲ ಹೊಡೆದುಹಾಕಿದೆ. ಬಾಟಲಿ ಮೇಲಿನ ಅಂಕೆ ಮಾತ್ರ ನೋಡುವವರು ಇದನ್ನು ಗಮನಿಸಿ: 20ರಲ್ಲಿ ನನಗೆ ದಿನಕ್ಕೆ ಸುಮಾರು 2 ಮಿ.ಲೀ. ಸಾಕಿತ್ತು. 3ಕ್ಕೆ ಬಂದಾಗ ಅದು 8 ಮಿ.ಲೀ. ಹತ್ತಿರ ಹೋಯಿತು. 40 ಮಿ.ಗ್ರಾಂ. ಇದ್ದದ್ದು 24ಕ್ಕೆ ಇಳಿಯಿತು, ಅಷ್ಟೇ. ಬಾಟಲಿಯ ಅಂಕೆ ನೋಡಿದರೆ ಆರೂವರೆ ಪಟ್ಟು ಇಳಿಕೆ, ಒಳಗೆ ಹೋಗಿದ್ದು ನೋಡಿದರೆ ಅರ್ಧದಷ್ಟೂ ಇಳಿದಿರಲಿಲ್ಲ. ಆವಿಯಂತೂ ನಾಲ್ಕು ಪಟ್ಟು. ಲಿಕ್ವಿಡ್, ಅದನ್ನು ಕಾಯಿಸುವ ಕಾಯಿಲ್ ಖರ್ಚೂ ಆ ತಿಂಗಳು ಮೂರು ಪಟ್ಟಾಯಿತು. ದಿನದ ಮಿಲಿಗ್ರಾಂ ಲೆಕ್ಕ ಇಡದೆ ಈ ಪರೀಕ್ಷೆಗೆ ಇಳಿಯುವುದು ದುಡ್ಡು ದಂಡ.

3ರಲ್ಲಿ ನೆಲೆ ನಿಂತ ಮೇಲೆ ಬಾಟಲಿ ಆಟ. ಒಂದೇ ಕಂಪನಿಯ, ಒಂದೇ ರುಚಿಯ 3 ಮತ್ತು ಸೊನ್ನೆ, ಎರಡೂ ರೆಡಿಮೇಡ್. ಹೆಂಡತಿ ಲೇಬಲ್ ಕಿತ್ತು 'ಕ', 'ಚ' ಅಂತ ಬರೆದಳು. ಯಾವ ವಾರ ಯಾವುದು ಅನ್ನುವುದೂ ಅವಳದ್ದೇ ತೀರ್ಮಾನ, ಚೀಟಿ ಅವಳ ಬೀರುವಿನಲ್ಲಿ. ಗಂಟಲಿಗೆ ಹೊಡೆಯುವ ಆ ಏಟಿನಿಂದ ನಿಕೋಟಿನ್ ಗುರುತು ಸಿಕ್ಕಿಬಿಡುತ್ತದೆ ಅಂತ ನೀವು ಹೇಳುತ್ತೀರಿ, ಗೊತ್ತು. ಅದನ್ನು ಮರೆಸಲು ಒಂದು ಉಪಾಯ ಮಾಡಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ, ಗೊತ್ತಾದರೆ ನಿಮ್ಮ ಪರೀಕ್ಷೆಯೇ ಕೆಡುತ್ತದೆ. ಪ್ರತಿ ವಾರದ ಕೊನೆಗೆ ಇದು ಯಾವ ಬಾಟಲಿ ಅಂತ ನಾನು ಊಹಿಸಬೇಕಿತ್ತು. ಅರ್ಧದಷ್ಟು ಸಲ ಮಾತ್ರ ಸರಿಯಾಯಿತು. ಅಂದರೆ ಮುಚ್ಚಿಟ್ಟದ್ದು ನಿಜವಾಗಿಯೂ ಮುಚ್ಚಿತ್ತು. ಈ ಕೆಲಸ ಇಷ್ಟು ಶಿಸ್ತಾಗಿ ಮಾಡಿದವರು ನನಗೆ ಗೊತ್ತಿರುವವರಲ್ಲಿ ಬೇರೆ ಯಾರೂ ಇಲ್ಲ.

ಚೀಟಿ ಬಿಚ್ಚಿ ನೋಡಿದರೆ 3ಕ್ಕೂ ಸೊನ್ನೆಗೂ ವ್ಯತ್ಯಾಸ ಅರ್ಧ ಅಂಕ. ಏನೂ ಇಲ್ಲ ಅಂದುಕೊಳ್ಳಿ. ಹಾಗಾದರೆ 20ರಲ್ಲಿದ್ದಾಗ ಸಂಜೆಯ ಅಂಕ ಏಳು ಎಂಟು ಮುಟ್ಟುತ್ತಿದ್ದದ್ದು ಯಾಕೆ?

ಉತ್ತರ ಸಿಕ್ಕಿದ್ದು ಪ್ಯಾಚ್‌ನಿಂದ. ವೇಪ್ ಪೂರ್ತಿ ಬದಿಗಿಟ್ಟು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿದೆ. 21, 14, 7 ಮಿ.ಗ್ರಾಂ. ಬರುತ್ತವಲ್ಲ, ಅದರಲ್ಲಿ 14ರದ್ದು, ರಾತ್ರಿ ಕಿತ್ತು ಮಲಗುವುದು. ಇಲ್ಲಿ ಆವಿ ಇಲ್ಲ, ನಿಕೋಟಿನ್ ಇದೆ, ಆದರೆ ಜಿನುಗುತ್ತಾ ಬರುತ್ತದೆ. ಸಂಜೆಯ ಏರಿಕೆ ಹೋಯಿತು. ಅಂಕ ನಾಲ್ಕರ ಹತ್ತಿರ ನಿಂತಿತು. ಸಾಲ್ಟ್ ಪಾಡ್‌ನಲ್ಲಿ ನಿಕೋಟಿನ್ ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಒಮ್ಮೆಲೇ ಏರುತ್ತದೆ. ಅದರಲ್ಲೂ ಮಲಗುವ ಮುಂಚಿನ ಒಂದು ಗಂಟೆ ನಾನು ಬಿಡದೆ ಎಳೆಯುತ್ತಿದ್ದೆ. ರಕ್ತದಲ್ಲಿನ ನಿಕೋಟಿನ್ ಅರ್ಧ ಖಾಲಿಯಾಗಲು ಸುಮಾರು ಎರಡು ಗಂಟೆ ಬೇಕು, ಅಷ್ಟು ಹೊತ್ತು ನಿದ್ದೆ ದೂರ. ನಿದ್ದೆ ಕೆಟ್ಟ ಮರುದಿನ ಅಂಕ ಏರದೆ ಇದ್ದದ್ದೇ ಇಲ್ಲ. ನನ್ನ ಪುಸ್ತಕದ ಲೆಕ್ಕದ ಪ್ರಕಾರ ಆ ಸಂಜೆಯ ಏರಿಕೆಯಲ್ಲಿ ನಿಕೋಟಿನ್ ಒಮ್ಮೆಲೇ ಏರುವುದರದ್ದು ಒಂದು ಪಾಲು, ಕೆಟ್ಟ ನಿದ್ದೆಯದ್ದು ಎರಡು ಪಾಲು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಲಿಕ್ವಿಡ್‌ನಲ್ಲಿ ಪಿಜಿ (ಪ್ರೊಪೈಲೀನ್ ಗ್ಲೈಕಾಲ್), ವಿಜಿ (ಗ್ಲಿಸರಿನ್) ಅರ್ಧರ್ಧ ಇದ್ದದ್ದನ್ನು ವಿಜಿ ಶೇ. 70ಕ್ಕೆ ಬದಲಿಸಿದೆ. ಗುಂಯ್ ಬದಲಾಗಲಿಲ್ಲ. ಆದರೆ ಗಂಟಲು ಮೂಗು ಒಣಗುವುದು, ಕಿವಿ ಕಟ್ಟಿದ ಹಾಗಾಗುವುದು ಕಮ್ಮಿಯಾಯಿತು. ಕಿವಿ ಕಟ್ಟಿದಾಗ ಹೊರಗಿನ ಸದ್ದು ಮಂಕಾಗಿ ಒಳಗಿನದು ಎದ್ದು ಕಾಣುತ್ತದೆ, ಅದು ತಪ್ಪಿದ್ದೂ ಒಂದು ಲಾಭ. ಕಾಫಿ ಬಿಟ್ಟು ನೋಡಿದೆ. ತಲೆನೋವು ಬಂತು, ಸದ್ದು ಹಾಗೇ ಇತ್ತು, ಕಾಫಿ ವಾಪಸ್. ದವಡೆಯದ್ದು ಮಾತ್ರ ನಾನು ಎಣಿಸಿರಲಿಲ್ಲ. ಹಲ್ಲು ಬಿಗಿಯಾಗಿ ಕಚ್ಚಿದರೆ ನನ್ನ ಸದ್ದು ತಕ್ಷಣ ಏರುತ್ತದೆ. ನೀವೂ ಒಮ್ಮೆ ಕಚ್ಚಿ ನೋಡಿ. ಏರಿದರೆ ದಂತವೈದ್ಯರ ಹತ್ತಿರ ರಾತ್ರಿ ಹಾಕುವ ಗಾರ್ಡ್ ಬಗ್ಗೆ ಕೇಳಿ. ನನಗೆ ಗಿಂಕೋ ಡಬ್ಬಗಳಿಗಿಂತ ಅದು ಅಗ್ಗಕ್ಕೆ ಬಂತು, ಕೆಲಸವನ್ನೂ ಮಾಡಿತು.

ಇದೆಲ್ಲಕ್ಕೂ ಮೊದಲು ಇಎನ್‌ಟಿಗೆ ತೋರಿಸಿರಬೇಕು, ಅದರಲ್ಲಿ ರಾಜಿ ಬೇಡ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಬಡಿಯುತ್ತಿದ್ದರೆ ಮನೆ ಪರೀಕ್ಷೆ ಬಿಟ್ಟುಬಿಡಿ. ಇದ್ದಕ್ಕಿದ್ದಂತೆ ಕೇಳಿಸುವುದು ಕಮ್ಮಿಯಾದರೆ ಅದೇ ದಿನ ಓಡಿ, ಚಿಕಿತ್ಸೆ ತಡವಾದಷ್ಟೂ ಕೇಳಿಸುವುದು ಮರಳುವ ಸಾಧ್ಯತೆ ಕಮ್ಮಿ. ನಿಕೋಟಿನ್ ಬಿಡಲು ಬುಪ್ರೋಪಿಯಾನ್ ಮಾತ್ರೆ ಕೊಟ್ಟಿದ್ದರೆ ಡಾಕ್ಟರಿಗೆ ಗುಂಯ್ ವಿಷಯ ಹೇಳಿ, ಅದರ ಅಡ್ಡ ಪರಿಣಾಮಗಳ ಪಟ್ಟಿಯಲ್ಲೇ ಟಿನಿಟಸ್ ಇದೆ. ಗಾಢ ನಿಕೋಟಿನ್ ತಂದು ಮನೆಯಲ್ಲಿ ಬೆರೆಸಬೇಡಿ. ಚರ್ಮದ ಮೇಲೆ ಚೆಲ್ಲಿದರೂ ವಿಷವೇ.

14ರಿಂದ 7ಕ್ಕೆ, 7ರಿಂದ ಸೊನ್ನೆಗೆ ಬರಲು ಇನ್ನೆರಡು ತಿಂಗಳಾಯಿತು. ಈಗ ಸಂಜೆಯ ಅಂಕ ಎರಡು ಮೂರು. ಸದ್ದು ಇದೆ, ಹುಡುಕಿದರೆ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಮಾಮೂಲಿ ಹಿಯರಿಂಗ್ ಟೆಸ್ಟ್ 8,000 ಹರ್ಟ್ಸ್‌ಗೆ ನಿಲ್ಲುತ್ತದೆ. ಅದರ ಮೇಲೆ 16,000ದವರೆಗೆ ನೋಡುವ ಟೆಸ್ಟ್‌ಗೆ ಹೇಳಿಟ್ಟಿದ್ದೇನೆ, ವರ್ಷ ಬಿಟ್ಟು ಅದನ್ನೇ ಮತ್ತೊಮ್ಮೆ ಮಾಡಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ.