ಹಾಟ್ ಟಬ್ಬಿನ ನೊರೆ ಹೋಗಿದ್ದು ಹೀಗೆ

ಸಿಯಾಟಲ್‌ನ ನಮ್ಮ ಮನೆ ಹಿತ್ತಲಲ್ಲಿ ಹಾಟ್ ಟಬ್ ಇದೆ, ಅಂದರೆ ಬಿಸಿನೀರಲ್ಲಿ ಕೂರುವ ದೊಡ್ಡ ತೊಟ್ಟಿ. ಚಳಿಗಾಲದಲ್ಲಿ ನೀರು ಚಿಮ್ಮಿಸುವ ಜೆಟ್ ಹಾಕಿದರೆ ಸಾಕು, ನೊರೆಯೋ ನೊರೆ. ನೀರೂ ಮಬ್ಬು. ಕ್ಲೋರಿನ್ ಜಾಸ್ತಿ ಹಾಕುತ್ತಾ ಹೋದೆ, ಸರಿಹೋಗಲಿಲ್ಲ.

ಕೊಳೆ ಇದ್ದದ್ದು ಪೈಪಿನ ಒಳಗೆ. ಅಲ್ಲಿ ಲೋಳೆಯ ಪದರ ಕಟ್ಟಿಕೊಂಡಿರುತ್ತದೆ, ಹಾಕಿದ ಕ್ಲೋರಿನ್ನನ್ನೆಲ್ಲ ಅದೇ ತಿನ್ನುತ್ತದೆ. ಹಳೆಯ ನೀರಿಗೇ ಪೈಪ್ ಕ್ಲೀನರ್ ಹಾಕಿ ಒಂದು ಗಂಟೆ ಜೆಟ್ ಓಡಿಸಿದೆ. ಕಂದು ಬಣ್ಣದ ಗಸಿ ಮೇಲೆ ಬಂತು, ನೋಡಿ ಗಾಬರಿಯಾಯಿತು. ಮಕ್ಕಳು ಇದರಲ್ಲೇ ಕೂರುತ್ತಿದ್ದರಲ್ವಾ! ನೀರು ಪೂರ್ತಿ ಖಾಲಿ ಮಾಡಿ ಟಬ್ ಒರೆಸಿದೆ. ಫಿಲ್ಟರನ್ನು ಅದರ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ ತೊಳೆದೆ.

ಹೊಸ ನೀರಲ್ಲಿ ಮೊದಲು ಆಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ತಡೆಯುವ ಗುಣ), ಆಮೇಲೆ ಪಿಎಚ್ (ಆಮ್ಲ-ಕ್ಷಾರದ ಅಳತೆ), ಕೊನೆಗೆ ಕ್ಲೋರಿನ್ ಸರಿಮಾಡಿದೆ. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಲೋರಿನ್ 3 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ) ಕಡಿಮೆಯಾಗಬಾರದು. ಕೂರುವ ಮುಂಚೆ ಪ್ರತಿ ಸಲ ನೀರು ಪರೀಕ್ಷಿಸುವ ಪಟ್ಟಿ ಅದ್ದಿ ನೋಡುತ್ತೇನೆ.

ನೊರೆಗೆ ಇನ್ನೊಂದು ಕಾರಣ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಈಜುಡುಗೆಯಲ್ಲಿ ಉಳಿದ ಸೋಪು. ಈಗ ಎಲ್ಲರೂ ಸ್ನಾನ ಮಾಡಿಯೇ ಇಳಿಯುತ್ತೇವೆ, ಆ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸುತ್ತೇವೆ. ನಾಲ್ಕು ತಿಂಗಳಾಯಿತು, ತಳ ಕಾಣುವಷ್ಟು ತಿಳಿಯಾಗಿದೆ ನೀರು.